ಟ್ರೇ ತಿರುಗುತ್ತಿತ್ತು, ನೀರು ಬರುತ್ತಿರಲಿಲ್ಲ: ಐಸ್ ಮೇಕರ್ ದುರಸ್ತಿಯ ಒಂದು ಪ್ರಕರಣ

ದೂರು ಬಂದದ್ದು 2024ರ ಏಪ್ರಿಲ್ ಕೊನೆಯಲ್ಲಿ, ಬೆಂಗಳೂರಿನ ಪೂರ್ವ ಭಾಗದ ಒಂದು ಅಪಾರ್ಟ್‌ಮೆಂಟಿನಿಂದ. ಮನೆ ಇರುವುದು ಕೊನೆಯ ಮಹಡಿಯಲ್ಲಿ. ಅದರ ಮೇಲೆ ತಾರಸಿ, ತಾರಸಿಯ ಮೇಲೆ ನೀರಿನ ಟ್ಯಾಂಕು. ಅಡುಗೆಮನೆಯಲ್ಲಿ ಅಕ್ಕಪಕ್ಕ ಬಾಗಿಲುಗಳಿರುವ ದೊಡ್ಡ ಫ್ರಿಜ್. ಹಿಂಬದಿಯ ಸಣ್ಣ ಕೊಳವೆಯಿಂದ ನೀರು ತೆಗೆದುಕೊಂಡು, ತಾನೇ ಐಸ್ ಮಾಡಿ, ತಾನೇ ಡಬ್ಬಿಗೆ ಬೀಳಿಸುವ ಮಾದರಿ. ಹಲವು ವರ್ಷ ತಕರಾರಿಲ್ಲದೆ ನಡೆದಿದ್ದ ಐಸ್ ಮೇಕರ್ ಮಾರ್ಚ್ ಮಧ್ಯದಿಂದ ಕುಂಟತೊಡಗಿ ಏಪ್ರಿಲ್‌ನಲ್ಲಿ ಪೂರ್ತಿ ನಿಂತುಬಿಟ್ಟಿತ್ತು.

ಐಸ್ ಆ ಮನೆಗೆ ಪಾನಕಕ್ಕೆ ಹಾಕುವ ಶೋಕಿಯ ವಸ್ತುವಾಗಿರಲಿಲ್ಲ. ಮನೆಯ ಹಿರಿಯ ತಾಯಿಗೆ ಮೊಣಕಾಲಿನ ಕೀಲು ಬದಲಿಸಿ ಕೆಲವೇ ವಾರಗಳಾಗಿದ್ದವು. ವ್ಯಾಯಾಮ ಮಾಡಿಸಿದಾಗಲೆಲ್ಲ ಬಾವು ಇಳಿಯಲು ಬಟ್ಟೆಯಲ್ಲಿ ಸುತ್ತಿದ ಐಸನ್ನು ಮಂಡಿಯ ಮೇಲೆ ಇಡಬೇಕಿತ್ತು. ಸೊಸೆ ಹಳೆಯ ಪ್ಲಾಸ್ಟಿಕ್ ಟ್ರೇಗಳನ್ನು ಹುಡುಕಿ ತೆಗೆದು, ನೀರು ತುಂಬಿ ಫ್ರೀಜರಿನಲ್ಲಿಟ್ಟು ಹೇಗೋ ನಿಭಾಯಿಸುತ್ತಿದ್ದರು.

ನಾನು ಹೋಗುವ ಮೊದಲೇ ಇಬ್ಬರು ಮೆಕ್ಯಾನಿಕ್‌ಗಳು ಬಂದುಹೋಗಿದ್ದರು. ಮೊದಲನೆಯವರು ನೀರು ಬೀಳುವ ಕೊಳವೆ ಹೆಪ್ಪುಗಟ್ಟಿದ್ದನ್ನು ಕಂಡು ಕರಗಿಸಿದರು. ಒಂದು ವಾರ ಐಸ್ ಬಂತು, ಮತ್ತೆ ನಿಂತಿತು. ಎರಡನೆಯವರು ಫ್ರಿಜ್ಜಿನ ಹಿಂಭಾಗದ ನೀರಿನ ವಾಲ್ವ್ ಬದಲಿಸಿ, ಕೊಳವೆಯನ್ನು ಇನ್ನೊಮ್ಮೆ ಕರಗಿಸಿದರು. ಅದೂ ಕೆಲವೇ ದಿನ ನಡೆಯಿತು. ಆಮೇಲೆ ಬಂದ ಮಾತು, ಇಡೀ ಐಸ್ ಮೇಕರನ್ನೇ ಬದಲಿಸಬೇಕು ಎಂದು. ಮನೆಯ ಯಜಮಾನರು ದುಡ್ಡು ಕೊಡುವ ಮೊದಲು ಇನ್ನೊಬ್ಬರ ಅಭಿಪ್ರಾಯ ಕೇಳೋಣ ಎಂದುಕೊಂಡಿದ್ದರು. ಅವರಿಗೆ ಬಿಸಿಲಿನ ಮೇಲೂ ಅನುಮಾನವಿತ್ತು. ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 38 ಡಿಗ್ರಿ ದಾಟಿತ್ತು. ಆ ಸೆಕೆಗೆ ಫ್ರಿಜ್ ಸೋತಿರಬೇಕು ಎಂಬುದು ಅವರ ಲೆಕ್ಕ.

ಕೊನೆಯ ಐಸ್ ಹೇಗಿತ್ತು?

ಇಂಥ ಮನೆಗೆ ಹೋದಾಗ ನಾನು ಸ್ಕ್ರೂಡ್ರೈವರ್ ತೆಗೆಯುವ ಮುನ್ನ ಕೇಳುವ ಪ್ರಶ್ನೆ ಇದು: "ನಿಲ್ಲುವುದಕ್ಕೆ ಮೊದಲು ಬಂದ ಐಸ್ ನೋಡಲು ಹೇಗಿತ್ತು, ಅಮ್ಮ?" ಐಸ್ ಮೇಕರ್ ಸಾಮಾನ್ಯವಾಗಿ ಒಂದೇ ದಿನದಲ್ಲಿ ಸಾಯುವುದಿಲ್ಲ. ನಿಲ್ಲುವ ಮೊದಲಿನ ದಿನಗಳ ತುಂಡುಗಳು ಕಾಯಿಲೆಯ ಹೆಸರನ್ನು ಹೇಳಿಹೋಗಿರುತ್ತವೆ. ತುಂಡು ಪೂರ್ಣ ಗಾತ್ರದ್ದಾಗಿದ್ದು ದಿನಕ್ಕೆ ಬರುವ ಪ್ರಮಾಣ ಮಾತ್ರ ಇಳಿದಿದ್ದರೆ ಫ್ರೀಜರಿನ ತಂಪನ್ನು ಶಂಕಿಸಬೇಕು. ತುಂಡು ತೆಳ್ಳಗೆ, ಟೊಳ್ಳಾಗಿ, ಅರ್ಧ ಚಿಪ್ಪಿನಂತೆ ಬರುತ್ತಿದ್ದರೆ ನೀರು ಸಾಲುತ್ತಿಲ್ಲ. ಡಬ್ಬಿಯಲ್ಲಿ ಎಲ್ಲವೂ ಒಂದೇ ಗಡ್ಡೆಯಾಗಿ ಅಂಟಿಕೊಂಡಿದ್ದರೆ ಬೀಳಬಾರದ ಹೊತ್ತಿನಲ್ಲಿ ನೀರು ಬೀಳುತ್ತಿದೆ, ಅಥವಾ ಬಾಗಿಲು ಸರಿಯಾಗಿ ಮುಚ್ಚದೆ ಐಸ್ ಕರಗಿ ಮತ್ತೆ ಹೆಪ್ಪಾಗುತ್ತಿದೆ.

ಸೊಸೆ ಸ್ಪಷ್ಟವಾಗಿ ಹೇಳಿದರು. "ಮೊದಲು ಚಿಕ್ಕದಾದವು. ಆಮೇಲೆ ಮಧ್ಯದಲ್ಲಿ ಟೊಳ್ಳು. ಒಂದು ಮೂಲೆಯಲ್ಲಿ ಮಾತ್ರ ನಾಲ್ಕೈದು ಅಂಟಿಕೊಂಡು ಗಡ್ಡೆಯಾಗಿರುತ್ತಿದ್ದವು." ನೀರು ಸಾಲುತ್ತಿಲ್ಲ ಎನ್ನುವ ಲಕ್ಷಣ ಮತ್ತು ನೀರು ಸೋರುತ್ತಿದೆ ಎನ್ನುವ ಲಕ್ಷಣ, ಎರಡೂ ಒಂದೇ ಡಬ್ಬಿಯಲ್ಲಿ. ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧವಾದ ಈ ಎರಡು ಮಾತುಗಳನ್ನು ಒಟ್ಟಿಗೆ ವಿವರಿಸಬಲ್ಲ ಕಾರಣ ಸಿಗುವವರೆಗೆ ದುರಸ್ತಿ ಮುಗಿದಂತಲ್ಲ ಎಂದು ಆಗಲೇ ನಿರ್ಧರಿಸಿದೆ.

ಹೈಸ್ಕೂಲಿನ ಮೊಮ್ಮಗ ಇನ್ನೊಂದು ಮಾತು ಸೇರಿಸಿದ. ರಾತ್ರಿ ಓದಲು ಕುಳಿತಾಗ ಫ್ರಿಜ್ಜಿನೊಳಗಿಂದ ಗಂಟೆಗೊಮ್ಮೆಯೋ ಎರಡು ಗಂಟೆಗೊಮ್ಮೆಯೋ ಗರಗರ ಸದ್ದು ಕೇಳುತ್ತದೆ, ಐಸ್ ಬೀಳುವ ಸದ್ದು ಮಾತ್ರ ಇಲ್ಲ. ಇದು ಬಹಳ ಬೆಲೆಯ ಮಾಹಿತಿ. ಈ ಮಾದರಿಯ ಟ್ರೇ ಕೆಳಗೆ ಉಷ್ಣಾಂಶ ಅಳೆಯುವ ಸಣ್ಣ ಸೆನ್ಸರ್ ಇರುತ್ತದೆ. ಅಲ್ಲಿನ ಉಷ್ಣಾಂಶ ಮೈನಸ್ ಹತ್ತರ ಆಸುಪಾಸಿಗೆ ಇಳಿದು, ನಿಗದಿಯಾದ ಹೊತ್ತು ಕಳೆದರೆ ಮೋಟಾರು ಟ್ರೇಯನ್ನು ಬೋರಲು ಮಾಡಿ ತಿರುಚುತ್ತದೆ, ತುಂಡುಗಳು ಉದುರುತ್ತವೆ, ಟ್ರೇ ಮೊದಲಿನ ಸ್ಥಿತಿಗೆ ಮರಳಿದ ಮೇಲೆ ವಾಲ್ವ್ ಕೆಲವು ಸೆಕೆಂಡು ತೆರೆದು ನೀರು ತುಂಬುತ್ತದೆ. ಟ್ರೇಯಲ್ಲಿ ನೀರು ಇದೆಯೋ ಇಲ್ಲವೋ ಎಂಬುದು ಸೆನ್ಸರಿಗೆ ತಿಳಿಯುವುದಿಲ್ಲ. ಅದಕ್ಕೆ ಗೊತ್ತಾಗುವುದು ತಂಪು ಮಾತ್ರ. ಹುಡುಗ ಕೇಳಿಸಿಕೊಂಡದ್ದು ಖಾಲಿ ಟ್ರೇ ತಿರುಗುವ ಸದ್ದು. ಅಂದರೆ ಮೋಟಾರು, ಗೇರು, ಸೆನ್ಸರು ಮೂರೂ ತಮ್ಮ ಕೆಲಸ ಮಾಡುತ್ತಿದ್ದವು. ಬದಲಿಸಬೇಕೆಂದು ಹೇಳಲಾಗಿದ್ದ ಐಸ್ ಮೇಕರ್ ಇದೇ.

ತಂಪು ಸರಿಯಿದೆ, ನೀರು?

ಪ್ಯಾನೆಲ್ಲಿನಲ್ಲಿ ಐಸ್ ಬಂದ್ ಮಾಡುವ ಗುಂಡಿ ಒತ್ತಿರಲಿಲ್ಲ. ಡಬ್ಬಿ ತನ್ನ ಜಾಗದಲ್ಲಿ ಕೂತಿತ್ತು, ಡಬ್ಬಿ ತುಂಬಿದೆಯೇ ಎಂದು ತಡವಿ ನೋಡುವ ಕಡ್ಡಿ ಸಲೀಸಾಗಿ ಏರಿಳಿಯುತ್ತಿತ್ತು. ಫ್ರಿಜ್ಜಿನ ಹಿಂದೆ ಕೊಳವೆ ಮಡಚಿಕೊಂಡಿರಲಿಲ್ಲ, ಗೋಡೆಯ ನಲ್ಲಿ ಪೂರ್ತಿ ತೆರೆದಿತ್ತು.

ತಂಪಿನ ಪ್ರಶ್ನೆಗೆ ಸೊಸೆಯ ಪ್ಲಾಸ್ಟಿಕ್ ಟ್ರೇಗಳೇ ಅರ್ಧ ಉತ್ತರ ಕೊಟ್ಟಿದ್ದವು; ಅವುಗಳಲ್ಲಿ ನೀರು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತಿತ್ತು. ಆದರೂ ಹೆಪ್ಪುಗಟ್ಟಿದ ಬಟಾಣಿಯ ಎರಡು ಪೊಟ್ಟಣಗಳ ನಡುವೆ ಥರ್ಮಾಮೀಟರ್ ಇಟ್ಟು ನೋಡಿದೆ. ಬಾಗಿಲು ತೆರೆದಾಗ ಗಾಳಿಯ ಉಷ್ಣಾಂಶ ಕೂಡಲೇ ಏರುತ್ತದೆ, ಪದಾರ್ಥದ್ದು ಏರುವುದಿಲ್ಲ. ಹಾಗಾಗಿ ಅಳೆಯುವುದಾದರೆ ಹೀಗೇ ಅಳೆಯಬೇಕು. ಮೈನಸ್ 19 ತೋರಿಸಿತು. ಫ್ರೀಜರ್ ಮೈನಸ್ 18ರ ಸುತ್ತ ಇರಬೇಕು. ಬಿಸಿಲಿನ ಅನುಮಾನ ಅಲ್ಲಿಗೆ ತೀರಿತು.

ಐಸ್ ಮೇಕರಿನ ತಳದಲ್ಲಿ ಪರೀಕ್ಷೆಯ ಸಣ್ಣ ಗುಂಡಿ ಇರುತ್ತದೆ. ಅದನ್ನು ಕೆಲವು ಸೆಕೆಂಡು ಒತ್ತಿ ಹಿಡಿದಾಗ ಟ್ರೇ ಚೆನ್ನಾಗಿ ತಿರುಚಿ ಮರಳಿತು. ಹಿಂಬದಿಯಲ್ಲಿ ವಾಲ್ವ್ ತೆರೆದ ಸದ್ದು ಬಂತು. ಟ್ರೇಗೆ ಒಂದು ಹನಿಯೂ ಬೀಳಲಿಲ್ಲ. ಟ್ರೇ ಮೇಲಿನ ಕೊಳವೆಯ ಬಾಯಿಗೆ ಟಾರ್ಚ್ ಹಾಕಿದರೆ ಒಳಗೆ ಬಿಳಿಯ ಐಸ್ ಬೂಚು. ಮೂರನೆಯ ಬಾರಿ ಅದೇ ಜಾಗದಲ್ಲಿ ಕಟ್ಟಿಕೊಂಡಿತ್ತು.

ಕರಗಿಸುವ ಬಗ್ಗೆ ಒಂದು ಮಾತು, ಏಕೆಂದರೆ ಇಲ್ಲಿ ಫ್ರಿಜ್‌ಗಳು ಹಾಳಾಗುವುದನ್ನು ಕಂಡಿದ್ದೇನೆ. ಪ್ಲಗ್ ತೆಗೆಯಬೇಕು. ಚಾಕು, ಸ್ಕ್ರೂಡ್ರೈವರ್, ಕಬ್ಬಿಣದ ಕಡ್ಡಿ ಯಾವುದನ್ನೂ ಕೊಳವೆಗೆ ತೂರಿಸಬಾರದು. ತಣ್ಣಗಿನ ಪ್ಲಾಸ್ಟಿಕ್ ಗಾಜಿನ ಹಾಗೆ ಬಿರಿಯುತ್ತದೆ. ಟ್ರೇ ಬಿಚ್ಚಿ, ಕೆಳಗೆ ಬಟ್ಟೆ ಹಾಸಿ, ಸೂಜಿಯಿಲ್ಲದ ಸಿರಿಂಜಿನಿಂದ ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ಹೋದರೆ ಬೂಚು ತಾನಾಗಿ ಜಾರುತ್ತದೆ. ಕುದಿಯುವ ನೀರು ಬೇಡ. ತಾಳ್ಮೆಯ ಕೆಲಸ, ಆದರೆ ಅಪಾಯವಿಲ್ಲದ್ದು.

ಬೂಚು ಜಾರಿದ ಮೇಲೆ ನೀರು ಬಂತು. ಕೆಲಸ ಇಲ್ಲಿಗೇ ಮುಗಿಯಿತು ಅನ್ನಿಸುವುದು ಸಹಜ. ಹಿಂದಿನ ಎರಡು ದುರಸ್ತಿಗಳೂ ನಿಂತದ್ದು ಇಲ್ಲಿಯೇ. ಕೊಳವೆ ಕಟ್ಟಿಕೊಂಡದ್ದು ನಿಜ, ಆದರೆ ಕೊಳವೆ ಯಾಕೆ ಕಟ್ಟಿಕೊಳ್ಳಬೇಕು? ಅದರಲ್ಲಿ ನೀರು ಸದಾ ನಿಂತಿರುವುದಿಲ್ಲ. ವಾಲ್ವ್ ತೆರೆದಾಗ ನುಗ್ಗಿ ಹರಿದು, ಮುಚ್ಚಿದ ಕೂಡಲೇ ಬರಿದಾಗಬೇಕು. ಬರಿದಾದ ಕೊಳವೆ ಹೆಪ್ಪುಗಟ್ಟುವುದಿಲ್ಲ.

ಪರೀಕ್ಷೆಯ ಗುಂಡಿಯನ್ನು ಮತ್ತೆ ಒತ್ತಿ, ಬೀಳುವ ನೀರನ್ನು ಅಳತೆಯ ಲೋಟದಲ್ಲಿ ಹಿಡಿದೆ. ಈ ಟ್ರೇಗೆ ಒಂದು ಸಲಕ್ಕೆ 100 ಮಿಲಿಲೀಟರ್ ಆಸುಪಾಸು ಬೇಕು. ಲೋಟಕ್ಕೆ ಬಿದ್ದದ್ದು 40ಕ್ಕಿಂತ ಕಡಿಮೆ. ಫ್ರಿಜ್ಜಿನೊಳಗಿನ ಫಿಲ್ಟರ್ ಕಟ್ಟಿಕೊಂಡಿರಬಹುದೇ? ಅದನ್ನು ತೆಗೆದು, ಅದರ ಜಾಗಕ್ಕೆ ನೀರನ್ನು ನೇರ ಬಿಡುವ ಬಿರಡೆ ಹಾಕಿ ಇನ್ನೊಮ್ಮೆ ಹಿಡಿದೆ. ಹೆಚ್ಚು ವ್ಯತ್ಯಾಸವಿಲ್ಲ. ಬಳಿಕ ವಾಲ್ವಿನಿಂದ ಹೊರಡುವ ಕೊಳವೆಯನ್ನು ಹಿಂಬದಿಯಲ್ಲಿ ಬಿಡಿಸಿ, ತುದಿಯನ್ನು ಒಣ ಕಾಗದದ ಮೇಲಿಟ್ಟು, ವಾಲ್ವ್ ಮುಚ್ಚಿದ ಮೇಲೂ ಕಾದೆ. ಹನಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಹನಿ. ಕೆಲವೇ ದಿನಗಳ ಹಿಂದೆ ಹಾಕಿದ ಹೊಸ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ.

ಅಡುಗೆಮನೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ವಾಲ್ವನ್ನು ಮನೆಯವರು ಎಸೆದಿರಲಿಲ್ಲ. ಅದನ್ನು ಆಮೇಲೆ ಒಳ್ಳೆಯ ಒತ್ತಡವಿರುವ ಬೇರೊಂದು ಕಡೆ ಜೋಡಿಸಿ ನೋಡಿದೆ. ಒಂದು ಹನಿಯೂ ಜಿನುಗಲಿಲ್ಲ. ಒಳ್ಳೆಯ ವಾಲ್ವನ್ನು ತೆಗೆದು ಒಳ್ಳೆಯ ವಾಲ್ವನ್ನೇ ಹಾಕಲಾಗಿತ್ತು.

ವಾಲ್ವನ್ನು ಮುಚ್ಚುವುದು ಯಾರು?

ಈ ಪ್ರಕರಣದ ಹುರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕರೆಂಟು ಬಂದರೆ ವಾಲ್ವ್ ತೆರೆಯುತ್ತದೆ, ಹೋದರೆ ಮುಚ್ಚುತ್ತದೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಆದರೆ ವಾಲ್ವಿನೊಳಗಿನ ಅಷ್ಟು ಚಿಕ್ಕ ವಿದ್ಯುತ್ ಸುರುಳಿಗೆ ನೀರಿನ ದಾರಿಯನ್ನು ತಾನೇ ತೆರೆದು ಮುಚ್ಚುವಷ್ಟು ಬಲವಿಲ್ಲ. ಅದು ಎತ್ತುವುದು ಸೂಜಿಯಷ್ಟು ಚಿಕ್ಕ ಕಡ್ಡಿಯನ್ನು. ದೊಡ್ಡ ದಾರಿಯ ಮೇಲೆ ಕೂತಿರುವುದು ಡಯಾಫ್ರಾಮ್ ಎಂಬ ರಬ್ಬರ್ ಪೊರೆ. ಕಡ್ಡಿ ಕೆಳಗಿಳಿದಾಗ ಪೊರೆಯ ಮೇಲ್ಭಾಗದಲ್ಲಿ ನೀರು ತುಂಬಿಕೊಂಡು, ಆ ನೀರಿನ ಒತ್ತಡವೇ ಪೊರೆಯನ್ನು ಅದುಮಿ ದಾರಿಯನ್ನು ಮುಚ್ಚುತ್ತದೆ. ಕೆರೆಯ ತೂಬಿನ ಹಲಗೆಯನ್ನು ಕೆರೆಯ ನೀರೇ ಒತ್ತಿ ಹಿಡಿಯುವಂತೆ. ಬರುವ ನೀರಿನಲ್ಲಿ ಒತ್ತಡವಿಲ್ಲದಿದ್ದರೆ ಪೊರೆಯನ್ನು ಅದುಮುವವರು ಯಾರೂ ಇಲ್ಲ. ಅದು ಸಡಿಲವಾಗಿ ಕೂತು ಹನಿ ಬಿಡುತ್ತದೆ.

ಇಂಥ ಫ್ರಿಜ್‌ಗಳ ಕೈಪಿಡಿಗಳಲ್ಲಿ ಬರುವ ನೀರಿಗೆ ಕನಿಷ್ಠ 20 ಪಿಎಸ್‌ಐ (ಒತ್ತಡ ಅಳೆಯುವ ಮಾನ) ಒತ್ತಡ ಬೇಕೆಂದು ಸಾಮಾನ್ಯವಾಗಿ ಬರೆದಿರುತ್ತದೆ. ನಾವು ಅದನ್ನು ಓದುವುದಿಲ್ಲ, ಓದಿದರೂ ಅದು ಬೇಗ ನೀರು ತುಂಬಲು ಎಂದುಕೊಳ್ಳುತ್ತೇವೆ. ಬೇಗ ತುಂಬಲು ಎಷ್ಟು ಬೇಕೋ ಬಿಗಿಯಾಗಿ ಮುಚ್ಚಲೂ ಅಷ್ಟೇ ಬೇಕು.

ಒತ್ತಡ ಕಡಿಮೆಯಾದರೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ವಾಲ್ವ್ ತೆರೆದಿರುವ ಹೊತ್ತು ನಿಗದಿಯಾಗಿರುವುದರಿಂದ ಆ ಕೆಲವು ಸೆಕೆಂಡುಗಳಲ್ಲಿ ಟ್ರೇಗೆ ಅರ್ಧ ನೀರೂ ಬೀಳುವುದಿಲ್ಲ. ತುಂಡು ತೆಳ್ಳಗೆ, ಟೊಳ್ಳು. ಮುಚ್ಚಿದ ಮೇಲೆ ಜಿನುಗುವ ಹನಿಗಳಲ್ಲಿ ಕೆಲವು ಡಬ್ಬಿಯ ಮೂಲೆಗೆ ಬಿದ್ದು ತುಂಡುಗಳನ್ನು ಅಂಟಿಸುತ್ತವೆ. ಉಳಿದವು ಮೈನಸ್ 19ರ ಚಳಿಯಲ್ಲಿರುವ ಕೊಳವೆಯ ಬಾಯಲ್ಲೇ ಪದರ ಪದರವಾಗಿ ಕಟ್ಟುತ್ತವೆ. ದಾರಿ ಪೂರ್ತಿ ಮುಚ್ಚಲು ಒಂದು ವಾರ ಸಾಕು. ಸೊಸೆ ಕಂಡಿದ್ದ ಎರಡೂ ಲಕ್ಷಣಗಳಿಗೆ, ಎರಡೂ ದುರಸ್ತಿಗಳು ಕೆಲವೇ ದಿನ ಬಾಳಿದ್ದಕ್ಕೆ ಇದು ಉತ್ತರ.

ಕಾಲು ಇಂಚಿನ ಕೊಳವೆಗೆ ಮಾಪಕ ಜೋಡಿಸಿದೆ. ಫ್ರಿಜ್ಜಿಗೆ ಬರುತ್ತಿದ್ದ ಒತ್ತಡ 9 ಪಿಎಸ್‌ಐ. ವಾಲ್ವ್ ತೆರೆದಾಗ ಮುಳ್ಳು ಅಲ್ಲಿಂದಲೂ ಕೆಳಗಿಳಿಯಿತು.

ಸಿಂಕಿನ ಕೆಳಗೆ

ಈ ಮನೆಯಲ್ಲಿ ಫ್ರಿಜ್ಜಿಗೆ ನೀರು ಬರುತ್ತಿದ್ದದ್ದು ಸಿಂಕಿನ ಕೆಳಗಿನ, ನೀರು ಶುದ್ಧಗೊಳಿಸುವ ಆರ್‌ಓ ಯಂತ್ರದಿಂದ. ನಮ್ಮ ಮನೆಗಳ ಗೋಡೆಗೆ ತೂಗುಹಾಕುವ ಆರ್‌ಓಗಳಲ್ಲಿ ವಿದ್ಯುತ್ ಪಂಪು ಇರುತ್ತದೆ. ಇದು ಪಂಪಿಲ್ಲದ ಬಗೆ. ಮನೆಯ ನಲ್ಲಿಯ ಒತ್ತಡದಿಂದಲೇ ನೀರನ್ನು ಮೆಂಬ್ರೇನ್ ಎಂಬ ಲವಣ ಸೋಸುವ ಪೊರೆಯ ಮೂಲಕ ನೂಕಿ, ಒಳಗೆ ಗಾಳಿಚೀಲವಿರುವ ಉಕ್ಕಿನ ಟ್ಯಾಂಕಿನಲ್ಲಿ ಶೇಖರಿಸುತ್ತದೆ. ನಲ್ಲಿಯಲ್ಲಿ ಒತ್ತಡ ಇರುವವರೆಗೆ ಸೊಗಸಾಗಿ ನಡೆಯುವ ವ್ಯವಸ್ಥೆ.

ಆರ್‌ಓಗೆ ಹೋಗುವ ಮನೆಯ ಪೈಪಿಗೆ ಮಾಪಕ ಹಾಕಿದರೆ 18 ಪಿಎಸ್‌ಐ. ಹಿಂದೆ ಎಷ್ಟಿತ್ತು ಎಂದು ಅಪಾರ್ಟ್‌ಮೆಂಟಿನ ಪ್ಲಂಬರನ್ನು ಕೇಳಿದಾಗ ವಿಷಯ ಬಯಲಾಯಿತು. ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಸುಮಾರು 14 ಪಿಎಸ್‌ಐ ಒತ್ತಡ ಸಿಗುತ್ತದೆ. ತಾರಸಿಯ ಟ್ಯಾಂಕಿನ ಪಕ್ಕದ ಮಹಡಿಗೆ ಆ ಎತ್ತರ ಸಿಗುವುದಿಲ್ಲ, ಆದ್ದರಿಂದ ಮೇಲಿನ ಮಹಡಿಗಳಿಗೆಂದು ತಾರಸಿಯಲ್ಲಿ ಒತ್ತಡದ ಪಂಪು ಹಾಕಿದ್ದರು. ಮೊದಲು ಅದನ್ನು 45 ಪಿಎಸ್‌ಐಗೆ ಹೊಂದಿಸಿದ್ದರು. ಆ ಮಾರ್ಚಿನಲ್ಲಿ ನಗರಕ್ಕೆ ಬಂದ ನೀರಿನ ಬರ ಎಲ್ಲರಿಗೂ ನೆನಪಿದೆ. ಕೊಳವೆಬಾವಿಗಳು ಬತ್ತಿದ್ದವು, ಜಲಮಂಡಳಿ ಅಪಾರ್ಟ್‌ಮೆಂಟುಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಅಳವಡಿಸಲು ಹೇಳಿತ್ತು. ಇಲ್ಲಿನ ನಿವಾಸಿಗಳ ಸಂಘ ಅದರ ಜೊತೆಗೆ ಪಂಪಿನ ಒತ್ತಡವನ್ನೂ ಇಳಿಸಿತ್ತು. ನೀರು ಉಳಿಸುವ ಒಳ್ಳೆಯ ಉದ್ದೇಶದ, ಆ ದಿನಗಳಿಗೆ ಸರಿಯಾದ ತೀರ್ಮಾನ.

ಇನ್ನೊಂದು ಬದಲಾವಣೆಯೂ ಅದೇ ಹೊತ್ತಿಗೆ ಆಗಿತ್ತು. ಕಾವೇರಿ ನೀರಿನ ಪಾಲು ಕುಗ್ಗಿ ಟ್ಯಾಂಕರ್ ನೀರು ಹೆಚ್ಚಾಗಿತ್ತು. ಆರ್‌ಓ ಸರ್ವಿಸ್ ಚೀಟಿಯಲ್ಲಿ ಹಿಂದಿನ ವರ್ಷದ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ, 300 ಎಂದು ಬರೆದಿತ್ತು. ನನ್ನ ಮೀಟರಿನಲ್ಲಿ 900. ಕರಗಿದ ಲವಣ ಹೆಚ್ಚಿದಷ್ಟೂ ಮೆಂಬ್ರೇನ್ ದಾಟಿಸಲು ಹೆಚ್ಚು ಒತ್ತಡ ಬೇಕು. ಪ್ರತಿ 100 ಟಿಡಿಎಸ್‌ಗೆ ಸುಮಾರು 1 ಪಿಎಸ್‌ಐ ಲವಣವೇ ನುಂಗುತ್ತದೆ ಎಂಬುದು ಈ ಕಸುಬಿನ ಸ್ಥೂಲ ಲೆಕ್ಕ. 18ರಲ್ಲಿ 9 ಹೋದರೆ ಉಳಿಯುವುದು 9. ಟ್ಯಾಂಕಿನ ಒತ್ತಡ 9ಕ್ಕೆ ಬಂದ ಕೂಡಲೇ ಎರಡೂ ಕಡೆ ಸಮವಾಗಿ, ಶುದ್ಧ ನೀರು ದಾಟುವುದೇ ನಿಲ್ಲುತ್ತದೆ. ಮಾಪಕದ ಮುಳ್ಳು ತೋರಿಸಿದ್ದೂ ಅಷ್ಟೇ.

ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಾಗ ನನಗೆ ನಿಜವಾಗಿ ಸಂಕಟವಾಯಿತು. ಇಂಥ ಆರ್‌ಓದಲ್ಲಿ ಟ್ಯಾಂಕು ತುಂಬಿದಾಗ ಒಳಬರುವ ನೀರನ್ನು ತಾನಾಗಿ ತಡೆಯುವ ಪುಟ್ಟ ವಾಲ್ವ್ ಇದೆ. ಟ್ಯಾಂಕಿನ ಒತ್ತಡ ನಲ್ಲಿಯ ಒತ್ತಡದ ಮೂರನೆಯ ಎರಡು ಭಾಗ ಮುಟ್ಟಿದಾಗ ಅದು ಮುಚ್ಚುತ್ತದೆ. ನಲ್ಲಿಯಲ್ಲಿ 45 ಇದ್ದಾಗ 30ಕ್ಕೆ ಮುಚ್ಚುತ್ತಿತ್ತು, ಫ್ರಿಜ್ಜಿಗೂ 30 ಸಿಗುತ್ತಿತ್ತು. ಈಗ 18ರ ಮೂರನೆಯ ಎರಡು ಭಾಗವೆಂದರೆ 12. ಟ್ಯಾಂಕು 9ನ್ನು ದಾಟುವುದೇ ಇಲ್ಲವಾದ್ದರಿಂದ ಆ ವಾಲ್ವ್ ಎಂದಿಗೂ ಮುಚ್ಚುವುದಿಲ್ಲ. ಸಿಂಕಿನ ಕೆಳಗೆ ಕೈ ಹಾಕಿ ತ್ಯಾಜ್ಯ ನೀರಿನ ಕೊಳವೆಯನ್ನು ಬಿಡಿಸಿ ನೋಡಿದೆ. ಯಾರೂ ನೀರು ಬಳಸದಿದ್ದರೂ ಸಣ್ಣ ಧಾರೆ ಹರಿಯುತ್ತಲೇ ಇತ್ತು, ಹಗಲೂ ರಾತ್ರಿಯೂ, ಬಚ್ಚಲಿಗೆ. ಟ್ಯಾಂಕರಿಗೆ ದುಡ್ಡು ಸುರಿದು ತರಿಸಿದ ನೀರು ಅದು. ಯಜಮಾನರಿಗೆ ತೋರಿಸಿದಾಗ ಅವರು ಐಸಿನ ಮಾತನ್ನೇ ಬಿಟ್ಟು, "ಮೊದಲು ಇದನ್ನು ನಿಲ್ಲಿಸಿ" ಎಂದರು.

ದುರಸ್ತಿ

ತಾರಸಿಯ ಪಂಪಿನ ಒತ್ತಡ ಏರಿಸಿ ಎಂದು ಸಂಘವನ್ನು ಕೇಳುವುದು ನನಗೆ ಸರಿ ಕಾಣಲಿಲ್ಲ. ಒಂದು ಮನೆಯ ಐಸಿಗಾಗಿ ಎಲ್ಲ ಮನೆಗಳ ನಲ್ಲಿಯೂ ರಭಸವಾಗಿ ಹರಿಯಬೇಕೇ? ಆರ್‌ಓ ಬಿಟ್ಟು ನೇರ ನಲ್ಲಿಯಿಂದ ಕೊಡೋಣ ಎಂದರೆ 18 ಪಿಎಸ್‌ಐ ಕೂಡ 20ಕ್ಕೆ ಸಾಲದು, ಮೇಲಾಗಿ 900 ಟಿಡಿಎಸ್ ನೀರು ವಾಲ್ವಿನಲ್ಲೂ ಟ್ರೇಯಲ್ಲೂ ಬಿಳಿ ಸುಣ್ಣ ಕಟ್ಟುತ್ತದೆ. ಫ್ರಿಜ್ಜಿನ ಒಳಗಿನ ಫಿಲ್ಟರ್ ವಾಸನೆ ಮತ್ತು ಕ್ಲೋರಿನ್ ತೆಗೆಯುತ್ತದೆಯೇ ಹೊರತು ಕರಗಿದ ಲವಣವನ್ನು ತೆಗೆಯುವುದಿಲ್ಲ.

ಮೆಂಬ್ರೇನಿಗೆ ಮೊದಲು, ಗೋಡೆ ಆರ್‌ಓಗಳಲ್ಲಿ ಬಳಸುವ ಸಾಮಾನ್ಯ 24 ವೋಲ್ಟ್ ಪಂಪನ್ನು ಹಾಕಿದೆ. ಅದರೊಂದಿಗೆ, ಟ್ಯಾಂಕು 40 ಪಿಎಸ್‌ಐ ಮುಟ್ಟಿದಾಗ ಪಂಪು ನಿಲ್ಲಿಸುವ ಒತ್ತಡದ ಸ್ವಿಚ್ಚು, ಪಂಪು ನಿಂತ ಕೂಡಲೇ ಒಳಬರುವ ನೀರನ್ನು ಪೂರ್ತಿ ತಡೆಯುವ ವಿದ್ಯುತ್ ವಾಲ್ವ್. ಈ ಕೊನೆಯದನ್ನು ಎಷ್ಟೋ ಕಡೆ ಹಣ ಉಳಿಸಲು ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಪಂಪು ನಿಂತ ಮೇಲೂ ಬಚ್ಚಲಿಗೆ ನೀರು ಜಿನುಗಬಹುದು. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಸೈಕಲ್ ಪಂಪಿನಿಂದ ಗಾಳಿಚೀಲವನ್ನು 7 ಪಿಎಸ್‌ಐಗೆ ತಂದೆ. ಫ್ರಿಜ್ಜಿನ ಯಾವ ಭಾಗವನ್ನೂ ಬದಲಿಸಲಿಲ್ಲ.

ಟ್ಯಾಂಕು ತುಂಬಿದ ಮೇಲೆ ಫ್ರಿಜ್ಜಿನ ಬಳಿ ಮಾಪಕ 38 ತೋರಿಸಿತು. ಅಳತೆಯ ಲೋಟಕ್ಕೆ ನೂರು ತುಂಬಿತು. ಹನಿ ಬಿಡುತ್ತಿದ್ದ ಅದೇ ವಾಲ್ವ್ ಮುಚ್ಚಿದ ಮೇಲೆ ಒಣ ಕಾಗದ ಒಣದಾಗಿಯೇ ಉಳಿಯಿತು. ತ್ಯಾಜ್ಯದ ಕೊಳವೆ ನಿಂತಿತ್ತು. ಮೊದಲ ಎರಡು ಮೂರು ಸುತ್ತಿನ ಐಸನ್ನು ಎಸೆಯಲು ಹೇಳಿದೆ. ಕೊಳವೆಯಲ್ಲಿ ಬಹಳ ದಿನ ನಿಂತ ನೀರು ಅದು. ಪ್ರಮಾಣ ಸರಿಯಾಗಿ ಕುದುರಲು ಇಡೀ ಒಂದು ದಿನ ಬೇಕು, ಸಂಜೆಯೇ ಡಬ್ಬಿ ತುಂಬಲಿಲ್ಲವೆಂದು ಗಾಬರಿಯಾಗಬೇಡಿ ಎಂದೂ ತಿಳಿಸಿದೆ.

ಇಂಥ ಫ್ರಿಜ್‌ಗಳ ವಿನ್ಯಾಸ ಮೂಲತಃ ನಗರದ ಕೊಳಾಯಿಯಿಂದ ಅಡುಗೆಮನೆಗೆ ನೇರವಾಗಿ, ಗಟ್ಟಿ ಒತ್ತಡದಲ್ಲಿ ನೀರು ಬರುವ ಅಮೆರಿಕದಂಥ ಕಡೆಯ ಮನೆಗಳಿಗೆ. ನಮ್ಮಲ್ಲಿ ನೀರು ಸಂಪಿಗೆ ಬಂದು, ತಾರಸಿಗೆ ಏರಿ, ಅಲ್ಲಿಂದ ತನ್ನ ಭಾರಕ್ಕೆ ಇಳಿಯುತ್ತದೆ. ಕೊಳ್ಳುವಾಗ ಅಂಗಡಿಯವರು ಲೀಟರ್ ಹೇಳುತ್ತಾರೆ, ನಕ್ಷತ್ರ ಹೇಳುತ್ತಾರೆ, ನಿಮ್ಮ ಮನೆಯ ಒತ್ತಡ ಎಷ್ಟು ಎಂದು ಕೇಳುವುದಿಲ್ಲ. ಮೇಲಿನ ಮಹಡಿಯವರು ತಾವೇ ಅಳೆಸಿ ನೋಡುವುದು ಮೇಲು. ಮಾಪಕದ ಬೆಲೆ ಕೆಲವೇ ನೂರು ರೂಪಾಯಿ.

ಮಳೆಗಾಲ ಹಿಡಿದ ಮೇಲೆ ಫಿಲ್ಟರ್ ಬದಲಿಸಲು ಹೋದಾಗ ಕೊಳವೆಯ ಬಾಯಿಗೆ ಟಾರ್ಚ್ ಹಾಕಿ ನೋಡಿದೆ, ಸ್ವಚ್ಛವಾಗಿತ್ತು. ಅಷ್ಟರಲ್ಲಿ ಯಜಮಾನರು ಸಂಘದ ಸಭೆಯಲ್ಲಿ ಈ ಸಂಗತಿ ಹೇಳಿ, ಪಂಪಿಲ್ಲದ ಆರ್‌ಓ ಇರುವವರು ತ್ಯಾಜ್ಯದ ಕೊಳವೆಯನ್ನು ಒಮ್ಮೆ ನೋಡಿಕೊಳ್ಳಿ ಎಂದು ಲಿಫ್ಟಿನ ಪಕ್ಕ ಚೀಟಿ ಅಂಟಿಸಿದ್ದರು. ಮೇಲಿನ ಮಹಡಿಗಳ ಇನ್ನೂ ಕೆಲವು ಮನೆಗಳಲ್ಲಿ ಅದೇ ಧಾರೆ ಹರಿಯುತ್ತಿದ್ದದ್ದು ಸಿಕ್ಕಿತು. ಅವುಗಳಲ್ಲಿ ಯಾವ ಮನೆಯಲ್ಲೂ ಐಸ್ ಮೇಕರ್ ಇರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.